ಲಕ್ವಾ ಹೊಡೆದಾಗ ಮೆದುಳಿನ ಹೆಪ್ಪನ್ನು ತಂತಿ ಹಾಕಿ ತೆಗೆಯಬಹುದು ಎನ್ನುವುದು ನಿಜವೇ? ನಮ್ಮ ಭಾಗದವರು ಮೊದಲು ಎಲ್ಲಿಗೆ ಹೋಗಬೇಕು?

ಸಿಂಧನೂರು ತಾಲ್ಲೂಕಿನ ಹಳ್ಳಿಯಿಂದ ನೀವು ಬರೆದಿರುವುದನ್ನು ಎರಡು ಸಲ ಓದಿದೆ. ಕಳೆದ ತಿಂಗಳು ನಿಮ್ಮ ತಂದೆಯವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲುಗಳ ಸ್ವಾಧೀನ ಹೋಯಿತು, ಮಾತೂ ನಿಂತಿತು. ಊರಲ್ಲೇ ಎಣ್ಣೆ ತಿಕ್ಕಿಸಿ, ಮರುದಿನ ಸಂಜೆ ದೊಡ್ಡ ಆಸ್ಪತ್ರೆ ತಲುಪಿದಾಗ ಅಲ್ಲಿನ ವೈದ್ಯರು, ಬೇಗ ಬಂದಿದ್ದರೆ ತೊಡೆಯ ರಕ್ತನಾಳದ ಮೂಲಕ ತಂತಿ ಹಾಕಿ ಹೆಪ್ಪನ್ನು ಹೊರತೆಗೆಯಬಹುದಿತ್ತು ಎಂದರು. ಇದು ನಿಜವೇ, ಎಷ್ಟು ಹೊತ್ತಿನೊಳಗೆ ಸಾಧ್ಯ, ಬಿಪಿ ಇರುವ ನಿಮ್ಮ ತಾಯಿಯವರಿಗೆ ನಾಳೆ ಹೀಗಾದರೆ ಮೊದಲು ಎಲ್ಲಿಗೆ ಕರೆದೊಯ್ಯಬೇಕು ಎಂಬುದು ನಿಮ್ಮ ಪ್ರಶ್ನೆ.

ನಾನು ಗಂಗಾವತಿಯಲ್ಲಿ ಇಪ್ಪತ್ತು ವರ್ಷಗಳಿಂದ ಫಿಜಿಶಿಯನ್ ಆಗಿ ಕೆಲಸ ಮಾಡುತ್ತಿದ್ದೇನೆ. ನೀವು ಕೇಳಿರುವ ಚಿಕಿತ್ಸೆಯನ್ನು ಸ್ವತಃ ಮಾಡುವವನು ನಾನಲ್ಲ. ಅದಕ್ಕೆ ಪ್ರತ್ಯೇಕ ತರಬೇತಿ ಪಡೆದ ತಜ್ಞರಿದ್ದಾರೆ. ರೋಗಿಯನ್ನು ಮೊದಲು ನೋಡುವವನು, ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸುವವನು ನಾನು. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ವೈದ್ಯರು ಹೇಳಿದ್ದು ನಿಜ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ರೋಗಿಗೆ ಈ ಚಿಕಿತ್ಸೆ ದಕ್ಕುವುದೋ ಇಲ್ಲವೋ ಎಂಬುದು ಬಹುಪಾಲು ಮೊದಲ ಆಸ್ಪತ್ರೆಯಲ್ಲಿ, ಮೊದಲ ಒಂದು ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತದೆ.

ಲಕ್ವಾ ಎಂದು ನಾವು ಕರೆಯುವುದರಲ್ಲಿ ಎರಡು ಬಗೆಗಳಿವೆ. ಮೆದುಳಿನ ರಕ್ತನಾಳ ಒಡೆದು ರಕ್ತಸ್ರಾವವಾಗುವುದು ಒಂದು. ರಕ್ತನಾಳದೊಳಗೆ ಹೆಪ್ಪು ಸಿಕ್ಕಿಕೊಂಡು ರಕ್ತದ ಹರಿವು ನಿಲ್ಲುವುದು ಇನ್ನೊಂದು. ಎರಡನೆಯದೇ ಹೆಚ್ಚು. ಹೊರಗಿನಿಂದ ನೋಡಿ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಎಷ್ಟೇ ಅನುಭವಿ ವೈದ್ಯನಿಗೂ ಆಗದು. ಸಿಟಿ ಸ್ಕ್ಯಾನ್ ಬೇಕೇ ಬೇಕು. ಹೆಪ್ಪು ಸಿಕ್ಕಿಕೊಂಡ ರೋಗಿಗಳಲ್ಲೂ ಎಲ್ಲರಿಗೂ ತಂತಿಯ ಚಿಕಿತ್ಸೆ ಬೇಕಾಗುವುದಿಲ್ಲ. ಕತ್ತಿನಿಂದ ಮೆದುಳಿಗೆ ಏರುವ ಕೆರೋಟಿಡ್ ರಕ್ತನಾಳ, ಅದರ ಮುಖ್ಯ ಕವಲಾದ ಮಧ್ಯ ಮೆದುಳಿನ ರಕ್ತನಾಳ, ಹಿಂಭಾಗದಲ್ಲಿರುವ ಬೇಸಿಲಾರ್ ರಕ್ತನಾಳ ಮುಂತಾದ ದೊಡ್ಡ ನಾಳಗಳು ಮುಚ್ಚಿದಾಗ ಅದು ಉಪಯೋಗಕ್ಕೆ ಬರುತ್ತದೆ. ಸೂಜಿಯಷ್ಟು ಸಣ್ಣ ನಾಳ ಮುಚ್ಚಿದ್ದರೆ ತಂತಿ ಅಲ್ಲಿಗೆ ಹೋಗದು, ಹೋಗಬೇಕಾದ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ದೊಡ್ಡ ನಾಳ ಮುಚ್ಚಿದಾಗ ಏನಾಗುತ್ತದೆ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆ ತೆಗೆಯುವ ನಿಮಗೆ ವಿವರಿಸುವುದು ಕಷ್ಟವಲ್ಲ. ಉಪಕಾಲುವೆಯ ಬಾಯಿಗೆ ಮಣ್ಣು ಕುಸಿದು ನೀರು ನಿಂತರೆ, ಬಾಯಿಯ ಹತ್ತಿರದ, ಬೇರೆಲ್ಲಿಂದಲೂ ನೀರು ಬಾರದ ಗದ್ದೆ ಮೊದಲು ಒಣಗಿ ಹೋಗುತ್ತದೆ. ಅದರಾಚೆಯ ಗದ್ದೆಗಳಿಗೆ ಪಕ್ಕದ ಹೊಲದ ಬಸಿನೀರು ಅಷ್ಟಿಷ್ಟು ಸಿಗುತ್ತಿದ್ದರೆ ಪೈರು ಬಾಡುತ್ತದೆ, ಆದರೆ ಸಾಯುವುದಿಲ್ಲ. ಅಷ್ಟರೊಳಗೆ ಮಣ್ಣು ತೆಗೆದು ನೀರು ಬಿಟ್ಟರೆ ಮತ್ತೆ ಹಸಿರಾಗುತ್ತದೆ. ಮೆದುಳಿನಲ್ಲೂ ಹೀಗೆಯೇ. ನಡುವಿನ ಒಂದು ಭಾಗ ಬೇಗ ಸಾಯುತ್ತದೆ. ಅದರ ಸುತ್ತಲಿನ ದೊಡ್ಡ ಭಾಗ, ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಅಲ್ಪ ರಕ್ತದಲ್ಲಿ, ಕೆಲಸ ನಿಲ್ಲಿಸಿದರೂ ಜೀವ ಹಿಡಿದುಕೊಂಡಿರುತ್ತದೆ. ಚಿಕಿತ್ಸೆಯ ಗುರಿ ಈ ಬಾಡಿದ ಭಾಗವನ್ನು ಉಳಿಸುವುದು. ಸತ್ತ ಭಾಗವನ್ನು ಯಾರೂ ಬದುಕಿಸಲಾರರು. ಅಮೆರಿಕದ ನರರೋಗ ತಜ್ಞ ಜೆಫ್ರಿ ಸೇವರ್ ಅವರು 2006ರಲ್ಲಿ ಹಾಕಿದ ಲೆಕ್ಕದಂತೆ, ದೊಡ್ಡ ನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ. ಆದರೆ ಬಸಿನೀರಿನ ಅನುಕೂಲ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ಒಬ್ಬರಲ್ಲಿ ಮೂರು ಗಂಟೆಯೊಳಗೆ ಎಲ್ಲವೂ ಮುಗಿದಿರಬಹುದು, ಇನ್ನೊಬ್ಬರಲ್ಲಿ ಹದಿನೈದು ಗಂಟೆಯ ಬಳಿಕವೂ ಉಳಿಸಿಕೊಳ್ಳಬಹುದಾದ ಭಾಗ ಇರಬಹುದು.

ಮೊದಲು ಬಂದ ಚಿಕಿತ್ಸೆ ಹೆಪ್ಪು ಕರಗಿಸುವ ಇಂಜೆಕ್ಷನ್. ಆಲ್ಟೆಪ್ಲೇಸ್ ಎಂಬ ಈ ಔಷಧಿಯನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂದು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಒಂದೇ ಸಲಕ್ಕೆ ಕೊಟ್ಟು ಮುಗಿಸಬಹುದಾದ ಟೆನೆಕ್ಟೆಪ್ಲೇಸ್ ಕೂಡ ಈಗ ಬಳಕೆಯಲ್ಲಿದೆ. ಇಂಜೆಕ್ಷನ್ ಸಣ್ಣ ಹೆಪ್ಪುಗಳನ್ನು ಚೆನ್ನಾಗಿ ಕರಗಿಸುತ್ತದೆ. ದೊಡ್ಡ ನಾಳದಲ್ಲಿ ಕುಳಿತ ಉದ್ದದ ಹೆಪ್ಪಿನ ಮುಂದೆ ಅದು ಹಲವು ಸಲ ಸೋಲುತ್ತದೆ, ಏಕೆಂದರೆ ರಕ್ತವೇ ಹರಿಯದ ಕಡೆಗೆ ರಕ್ತದಲ್ಲಿ ಬೆರೆತ ಔಷಧಿ ತಲುಪುವುದಾದರೂ ಹೇಗೆ? ಹಾಗೆಂದು ಇಂಜೆಕ್ಷನ್ ಬಿಡಬಾರದು. ಸಮಯದೊಳಗೆ ಬಂದು, ಬೇರೆ ಅಡ್ಡಿ ಇಲ್ಲದ ರೋಗಿಗೆ ಅದನ್ನು ಕೊಟ್ಟೇ ಮುಂದಿನ ಆಸ್ಪತ್ರೆಗೆ ಕಳುಹಿಸುವುದು ನಮ್ಮಂಥ ದೂರದ ಊರುಗಳಲ್ಲಿ ಸರಿಯಾದ ಕ್ರಮ.

ತಂತಿಯ ಚಿಕಿತ್ಸೆಗೆ ಥ್ರಾಂಬೆಕ್ಟಮಿ ಎನ್ನುತ್ತಾರೆ. ಹೃದಯದ ಆಂಜಿಯೋಗ್ರಾಂ (ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡುವಂಥದೇ ಕ್ಯಾಥ್ ಲ್ಯಾಬಿನಲ್ಲಿ, ತೊಡೆಸಂದಿಯ ರಕ್ತನಾಳಕ್ಕೆ (ಕೆಲವೊಮ್ಮೆ ಮಣಿಕಟ್ಟಿನದಕ್ಕೆ) ಸೂಜಿ ಚುಚ್ಚಿ, ಅದರ ಮೂಲಕ ಉದ್ದನೆಯ ಮೆತ್ತನೆಯ ನಳಿಕೆಯನ್ನು ಎದೆಯ ಮಹಾಧಮನಿ ದಾಟಿಸಿ ಕತ್ತಿನ ರಕ್ತನಾಳದವರೆಗೆ ಏರಿಸುತ್ತಾರೆ. ಅದರೊಳಗಿಂದ ಇನ್ನೂ ಸಣ್ಣ ನಳಿಕೆಯೊಂದನ್ನು ಎಕ್ಸ್-ರೇ ಪರದೆ ನೋಡುತ್ತ ಹೆಪ್ಪಿನ ಆಚೆ ಬದಿಗೆ ದಾಟಿಸಿ, ಸ್ಟೆಂಟ್ ರಿಟ್ರೀವರ್ ಎಂಬ ಬಲೆಯಂಥ ಸಲಕರಣೆಯನ್ನು ಹೆಪ್ಪಿನ ಮೈಯಲ್ಲೇ ಬಿಚ್ಚುತ್ತಾರೆ. ಕೆಲವು ನಿಮಿಷ ಕಾದರೆ ಹೆಪ್ಪು ಬಲೆಯ ಕಣ್ಣುಗಳಲ್ಲಿ ಹೆಣೆದುಕೊಳ್ಳುತ್ತದೆ. ಆಮೇಲೆ ಬಲೆ ಸಮೇತ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬಲೆಯ ಬದಲು ಅಗಲವಾದ ನಳಿಕೆಯಿಂದ ಹೆಪ್ಪನ್ನು ಹೀರಿ ತೆಗೆಯುವ ವಿಧಾನವೂ ಇದೆ, ಎರಡನ್ನೂ ಒಟ್ಟಿಗೆ ಬಳಸುವುದೂ ಉಂಟು. ತಲೆಬುರುಡೆ ತೆರೆಯುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿದಂತೆ ಇಲ್ಲಿ ಬಲೆಯನ್ನು ಒಳಗೆ ಬಿಟ್ಟುಬರುವುದೂ ಇಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುತ್ತಾರೆ, ಆ ಹಿಂಜರಿಕೆಗೂ ನಿಮಿಷಗಳ ಬೆಲೆ ತೆರಬೇಕಾಗುತ್ತದೆ.

ಈ ಚಿಕಿತ್ಸೆ ಒಂದೇ ಏಟಿಗೆ ಒಪ್ಪಿತವಾದದ್ದಲ್ಲ. 2013ರಲ್ಲಿ ಪ್ರಕಟವಾದ ಮೂರು ಅಧ್ಯಯನಗಳಲ್ಲಿ ಹಳೆಯ ಸಲಕರಣೆಗಳಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎಷ್ಟೋ ರೋಗಿಗಳಲ್ಲಿ ದೊಡ್ಡ ನಾಳ ಮುಚ್ಚಿದೆಯೇ ಎಂದು ಆಂಜಿಯೋಗ್ರಾಂನಿಂದ ಮೊದಲೇ ಖಚಿತಪಡಿಸಿಕೊಂಡಿರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಅದನ್ನು ತಿದ್ದಿಕೊಂಡು, ಹೊಸ ಬಲೆಗಳನ್ನು ಬಳಸಿ ನೆದರ್ಲೆಂಡ್ಸ್‌ನ 500 ರೋಗಿಗಳಲ್ಲಿ ನಡೆಸಿದ ಮಿಸ್ಟರ್ ಕ್ಲೀನ್ ಅಧ್ಯಯನ 2015ರಲ್ಲಿ ಚಿತ್ರವನ್ನೇ ಬದಲಿಸಿತು. ಅದೇ ವರ್ಷ ಇನ್ನೂ ನಾಲ್ಕು ಅಧ್ಯಯನಗಳು ಅದನ್ನೇ ಹೇಳಿದವು. ಈ ಐದರ 1287 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ, ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ಥ್ರಾಂಬೆಕ್ಟಮಿ ಆದವರಲ್ಲಿ ನೂರಕ್ಕೆ 46, ಆಗದವರಲ್ಲಿ ನೂರಕ್ಕೆ 26.5. ನಾನು ಬಳ್ಳಾರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ಲಕ್ವಾ ರೋಗಿಯ ಹಾಸಿಗೆಯ ಪಕ್ಕ ನಮಗೆ ಕಲಿಸಿದ್ದು ಆಸ್ಪಿರಿನ್, ಬೆನ್ನುಹುಣ್ಣಾಗದಂತೆ ಆರೈಕೆ, ಫಿಜಿಯೋಥೆರಪಿ, ಇಷ್ಟೇ. ಹಾಗಾಗಿ ಈ ಅಂಕಿಗಳನ್ನು ಮೊದಲ ಸಲ ಓದಿದ ದಿನ ನನಗೆ ಇಂದಿಗೂ ನೆನಪಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಎಷ್ಟು ಹೊತ್ತಿನೊಳಗೆ ಎಂಬುದು. ಮೊದಲು ಆರು ಗಂಟೆ ಎಂದಿತ್ತು. 2018ರಲ್ಲಿ ಪ್ರಕಟವಾದ ಡಾನ್ ಮತ್ತು ಡಿಫ್ಯೂಸ್-3 ಎಂಬ ಅಧ್ಯಯನಗಳು ಆ ಗಡಿಯನ್ನು ದಾಟಿದವು. ಡಾನ್ ಅಧ್ಯಯನದಲ್ಲಿ ಆರರಿಂದ 24 ಗಂಟೆಯ ನಡುವೆ ಬಂದ ರೋಗಿಗಳ ಪೈಕಿ, ಸ್ಕ್ಯಾನಿನಲ್ಲಿ ಸತ್ತ ಭಾಗ ಚಿಕ್ಕದಾಗಿದ್ದು, ಅದಕ್ಕೆ ಹೋಲಿಸಿದರೆ ಲಕ್ವಾದ ತೀವ್ರತೆ ಹೆಚ್ಚಾಗಿದ್ದವರನ್ನು ಮಾತ್ರ ಆರಿಸಿಕೊಂಡಿದ್ದರು. ಅಂಥವರಲ್ಲಿ ಥ್ರಾಂಬೆಕ್ಟಮಿ ಆದವರ ಪೈಕಿ ನೂರಕ್ಕೆ 49 ಮಂದಿ ಸ್ವತಂತ್ರರಾದರು, ಆಗದವರಲ್ಲಿ ನೂರಕ್ಕೆ 13 ಮಾತ್ರ. ಈ ಸುದ್ದಿ ಜನರ ಬಾಯಲ್ಲಿ ಹರಡುತ್ತ 'ಲಕ್ವಾಕ್ಕೆ 24 ಗಂಟೆ ಟೈಮ್ ಇದೆ' ಎಂದಾಗಿರುವುದನ್ನು ಕೇಳಿ ನನಗೆ ಆತಂಕವಾಗುತ್ತದೆ. ತಡವಾಗಿ ಬಂದವರಲ್ಲಿ ಸ್ಕ್ಯಾನಿನ ಆಯ್ಕೆಯಲ್ಲಿ ಉಳಿದವರ ಲೆಕ್ಕ ಅದು; ಆಯ್ಕೆಗೇ ಬಾರದೆ ಹೋದವರು ಅದರಲ್ಲಿಲ್ಲ. ಇತ್ತೀಚಿನ ಅಧ್ಯಯನಗಳು ಸತ್ತ ಭಾಗ ದೊಡ್ಡದಿರುವ ಕೆಲವರಿಗೂ ಲಾಭವಿದೆ ಎಂದು ತೋರಿಸಿವೆಯಾದರೂ, ಬೇಗ ಬಂದವರಿಗೆ ಸಿಗುವಷ್ಟು ಗುಣ ಅಲ್ಲಿ ಸಿಗದು.

ಇದರ ತದ್ವಿರುದ್ಧ ತಪ್ಪೂ ನಡೆಯುತ್ತದೆ, ಅದು ನಮ್ಮ ಮನೆಯಲ್ಲೇ ನಡೆಯಿತು. 2019ರಲ್ಲಿ, ಕಾರಟಗಿ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಸೋದರಮಾವ ರಾತ್ರಿ ಹತ್ತಕ್ಕೆ ಉಂಡು ಮಲಗಿದವರು, ಬೆಳಗಿನ ಐದಕ್ಕೆ ಗದ್ದೆಗೆ ನೀರು ಹಾಯಿಸಲು ಏಳಲಿಲ್ಲವೆಂದು ಅತ್ತೆ ಎಬ್ಬಿಸಲು ಹೋದಾಗ ಬಲಭಾಗ ಬಿದ್ದುಹೋಗಿತ್ತು, ಮಾತು ಇರಲಿಲ್ಲ. ಏಳೂವರೆಗೆ ಒಂದು ಆಸ್ಪತ್ರೆ ತಲುಪಿದರು. ಅಲ್ಲಿ ಸಿಟಿ ಮಾಡಿ, ರಕ್ತಸ್ರಾವ ಇಲ್ಲವೆಂದು ತಿಳಿದು, ಮಲಗಿದ ಹೊತ್ತಿನಿಂದ ಒಂಬತ್ತೂವರೆ ಗಂಟೆ ಆಗಿದೆ, ಸಮಯ ಮೀರಿದೆ ಎಂದು ವಾರ್ಡಿಗೆ ಸೇರಿಸಿದರು. ಕತ್ತು ಮತ್ತು ಮೆದುಳಿನ ಆಂಜಿಯೋಗ್ರಾಂ ಮಾಡಲಿಲ್ಲ. ಅತ್ತೆಯೂ ಒತ್ತಾಯಿಸಲಿಲ್ಲ, ಏಕೆಂದರೆ ಎರಡು ವರ್ಷ ಹಿಂದೆ ಮನೆಯ ಕಾರ್ಯಕ್ರಮವೊಂದರಲ್ಲಿ, ನಾಲ್ಕೂವರೆ ಗಂಟೆ ದಾಟಿದರೆ ಏನೂ ಮಾಡಲಾಗದು ಎಂದು ಅವರಿಗೆ ಹೇಳಿದ್ದವನು ನಾನೇ. ನನಗೆ ಸುದ್ದಿ ತಿಳಿದದ್ದು ಮಧ್ಯಾಹ್ನ. ಬೇರೆ ಊರಿಗೆ ಸಾಗಿಸಿ ಸಂಜೆ ಆಂಜಿಯೋಗ್ರಾಂ ಮಾಡಿಸಿದಾಗ ಎಡಭಾಗದ ಮಧ್ಯ ಮೆದುಳಿನ ರಕ್ತನಾಳ ಬುಡದಲ್ಲೇ ಮುಚ್ಚಿತ್ತು, ಅದರ ಕೆಳಗಿನ ಮೆದುಳು ಬಹುಪಾಲು ಸತ್ತಿತ್ತು. ಬೆಳಿಗ್ಗೆಯೇ ನೋಡಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ನೋಡಬೇಕಿತ್ತು ಎಂದು ಮಾತ್ರ ಹೇಳಬಲ್ಲೆ. ಮಾವ ಆಮೇಲೆ ನಾಲ್ಕು ವರ್ಷ ಬದುಕಿದರು, ಅತ್ತೆಯ ಹೆಸರೊಂದನ್ನು ಬಿಟ್ಟರೆ ಬೇರೆ ಮಾತು ಅವರಿಗೆ ಬರಲಿಲ್ಲ.

ಆದ್ದರಿಂದ ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಇದು. ತಾಯಿಯವರ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಿ ಹಿಡಿಯಲಾಗದೆ ಕೆಳಗೆ ಬಿದ್ದರೆ, ಮಾತು ತೊದಲಿದರೆ ಅಥವಾ ನಿಂತರೆ, ತಕ್ಷಣ 108ಕ್ಕೆ ಕರೆ ಮಾಡಿ; ಅದು ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲೇ ಹೊರಡಿ. ಸ್ವಾಧೀನ ಹೋದುದರ ಜೊತೆಗೆ ಎರಡೂ ಕಣ್ಣುಗಳು ಒಂದೇ ಬದಿಗೆ ತಿರುಗಿ ನಿಂತಿದ್ದರೆ ದೊಡ್ಡ ನಾಳವೇ ಮುಚ್ಚಿರುವ ಸಂಭವ ಹೆಚ್ಚು, ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬಾಯಿಗೆ ನೀರು, ಚಹಾ, ಮಾತ್ರೆ ಏನನ್ನೂ ಹಾಕಬೇಡಿ; ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಪಿ ಏರಿದೆಯೆಂದು ನಾಲಿಗೆಯ ಕೆಳಗೆ ಮಾತ್ರೆ ಇಡಿಸಬೇಡಿ. ಮುಚ್ಚಿದ ನಾಳದ ಸುತ್ತ ಬಸಿನೀರಿನಂತೆ ರಕ್ತವನ್ನು ತಳ್ಳುತ್ತಿರುವುದು ಆ ಏರಿದ ಬಿಪಿಯೇ, ಅದನ್ನು ಒಮ್ಮೆಗೇ ಇಳಿಸಿದರೆ ಬಾಡಿದ ಭಾಗವೂ ಸಾಯಬಹುದು. ಎಷ್ಟು ಇಳಿಸಬೇಕೆಂಬುದನ್ನು ಸ್ಕ್ಯಾನ್ ಆದ ಮೇಲೆ ಆಸ್ಪತ್ರೆಯವರು ನಿರ್ಧರಿಸುತ್ತಾರೆ. ಎಣ್ಣೆ ತಿಕ್ಕಿಸುವುದು, ಪಾರಿವಾಳದ ರಕ್ತ ಹಚ್ಚುವುದು ನಮ್ಮ ಕಡೆ ಇನ್ನೂ ನಡೆದಿದೆ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದಕ್ಕೆ ಕಳೆಯುವ ಹೊತ್ತು ತಿರುಗಿ ಬರುವುದಿಲ್ಲ.

ಹೊರಡುವುದು ಎಲ್ಲಿಗೆ? ನೇರ ಬೆಂಗಳೂರಿಗೋ ಹೈದರಾಬಾದಿಗೋ ಹೊರಡುವುದು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ನಗರಗಳಲ್ಲಿ ಈ ಚಿಕಿತ್ಸೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಆದರೆ ಬಳ್ಳಾರಿಯಿಂದ ಬೆಂಗಳೂರು 300 ಕಿಲೋಮೀಟರ್ ಮೀರಿದ ದಾರಿ, ರಾಯಚೂರಿನಿಂದ ಹೈದರಾಬಾದ್ 200ರ ಆಸುಪಾಸು. ದಾರಿಯುದ್ದಕ್ಕೂ ರಕ್ತಸ್ರಾವವೋ ಹೆಪ್ಪೋ ಎಂದೇ ತಿಳಿಯದ ರೋಗಿಗೆ ಇಂಜೆಕ್ಷನ್ನಿನ ಸಮಯವೂ ಕಳೆದುಹೋಗುತ್ತದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ದೊಡ್ಡ ನಗರದಿಂದ ದೂರವಿದ್ದ, ದೊಡ್ಡ ನಾಳ ಮುಚ್ಚಿರಬಹುದೆಂಬ ಶಂಕೆಯಿದ್ದ ರೋಗಿಗಳಲ್ಲಿ ಕೆಲವರನ್ನು ನೇರವಾಗಿ ಥ್ರಾಂಬೆಕ್ಟಮಿ ಕೇಂದ್ರಕ್ಕೂ, ಕೆಲವರನ್ನು ಮೊದಲು ಹತ್ತಿರದ ಸ್ಟ್ರೋಕ್ ಆಸ್ಪತ್ರೆಗೂ ಒಯ್ದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿನ ಹತ್ತಿರದ ಆಸ್ಪತ್ರೆ ಎಂದರೆ ತಕ್ಷಣ ಸ್ಕ್ಯಾನ್ ಮಾಡಿ, ಇಂಜೆಕ್ಷನ್ ಕೊಟ್ಟು, ಬೇಗನೆ ಮುಂದಕ್ಕೆ ಕಳುಹಿಸುವ ಆಸ್ಪತ್ರೆ. ಸಿಟಿ ಯಂತ್ರವೇ ಇಲ್ಲದ, ಅಥವಾ ರಾತ್ರಿ ಅದನ್ನು ನಡೆಸುವವರಿಲ್ಲದ ಆಸ್ಪತ್ರೆಯ ಬಾಗಿಲಲ್ಲಿ ಒಂದು ಗಂಟೆ ನಿಂತರೆ ಆ ಲೆಕ್ಕ ನಮಗೆ ಹೊಂದುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದ ಕೆಲಸ ಇಂದೇ ಇದೆ. ನಿಮ್ಮ ಊರಿಗೆ ಹತ್ತಿರದಲ್ಲಿ ಹಗಲು ರಾತ್ರಿ ಸಿಟಿ ಸ್ಕ್ಯಾನ್ ನಡೆಯುವ, ಲಕ್ವಾದ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಎಂದು ಸಿಂಧನೂರು, ಗಂಗಾವತಿ, ಬಳ್ಳಾರಿ, ರಾಯಚೂರು ಎಲ್ಲ ಕಡೆ ವಿಚಾರಿಸಿ ಬರೆದಿಟ್ಟುಕೊಳ್ಳಿ. ಥ್ರಾಂಬೆಕ್ಟಮಿ ಮಾಡುವ ತಂಡ ರಾತ್ರಿಯೂ ಲಭ್ಯವಿರುವ, ನಿಮಗೆ ಅತ್ಯಂತ ಹತ್ತಿರದ ನಗರ ಯಾವುದು ಎಂದು ನಿಮ್ಮ ವೈದ್ಯರನ್ನು ಈಗಲೇ ಕೇಳಿ. ಲಕ್ವಾ ಹೊಡೆದ ದಿನ ಮೊದಲ ಆಸ್ಪತ್ರೆಯಲ್ಲಿ ನೀವು ಹೇಳಬೇಕಾದ ಅತಿ ಮುಖ್ಯ ಸಂಗತಿ, ರೋಗಿ ಕೊನೆಯದಾಗಿ ಸರಿಯಾಗಿದ್ದುದನ್ನು ಕಣ್ಣಾರೆ ಕಂಡ ಹೊತ್ತು. ನೀವು ಗಮನಿಸಿದ ಹೊತ್ತಲ್ಲ. ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ, ಸಿಟಿಯ ಜೊತೆಗೇ ಕತ್ತು ಮತ್ತು ಮೆದುಳಿನ ಸಿಟಿ ಆಂಜಿಯೋಗ್ರಾಂ ಮಾಡುವಿರಾ ಎಂಬುದು. ಅದೇ ಮೇಜಿನ ಮೇಲೆ ಔಷಧಿ ಚುಚ್ಚಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಅದು. ದೊಡ್ಡ ನಾಳ ಮುಚ್ಚಿದೆ ಎಂದಾದರೆ ಇಂಜೆಕ್ಷನ್ ಹೋಗುತ್ತಿರುವಾಗಲೇ ಮುಂದಿನ ಕೇಂದ್ರಕ್ಕೆ ಕರೆ ಮಾಡಿ, ಸ್ಕ್ಯಾನಿನ ಚಿತ್ರಗಳನ್ನು ಮೊಬೈಲಿನಲ್ಲಿ ಕಳುಹಿಸಲು ವೈದ್ಯರನ್ನು ಕೇಳಿಕೊಳ್ಳಿ. ಅಲ್ಲಿನವರು ನೋಡಿ 'ಬನ್ನಿ' ಎಂದರೆ ಹೊರಡಿ, ಬೇಡವೆಂದರೆ ಇಲ್ಲೇ ಉಳಿಯುವುದು ಒಳಿತು. ನಾನು ಕಳುಹಿಸಿದವರಲ್ಲಿ ಕೆಲವರು ಅಲ್ಲಿ ತಲುಪುವಷ್ಟರಲ್ಲಿ ಮೆದುಳು ಉಳಿದಿರಲಿಲ್ಲ. ಕಂಪ್ಲಿ ಕಡೆಯ ತಾಯಿಯೊಬ್ಬರು, ಹೃದಯದ ಕವಾಟ ಕಿರಿದಾಗಿ ಅಲ್ಲಿಂದ ಹೆಪ್ಪು ಹಾರಿದ್ದವರು, ಹದಿನೈದನೆಯ ದಿನ ನನ್ನ ಕೋಣೆಗೆ ತಾವೇ ನಡೆದು ಬಂದರು.

ಅಪಾಯಗಳನ್ನೂ ಹೇಳಬೇಕು. ಹೆಪ್ಪು ತೆಗೆದ ಮೇಲೆ ಸತ್ತ ಭಾಗಕ್ಕೆ ರಕ್ತ ನುಗ್ಗಿ ಸ್ರಾವವಾಗಬಹುದು, ನಾಳದ ಗೋಡೆಗೆ ಗಾಯವಾಗಬಹುದು, ಹೆಪ್ಪಿನ ಚೂರು ಬೇರೆ ಕವಲಿಗೆ ಹಾರಬಹುದು, ತೊಡೆಸಂದಿಯಲ್ಲಿ ರಕ್ತ ಕಟ್ಟಬಹುದು. ಮೇಲೆ ಹೇಳಿದ ಐದು ಅಧ್ಯಯನಗಳಲ್ಲಿ ಮೆದುಳಿನ ಗಂಭೀರ ರಕ್ತಸ್ರಾವ ಥ್ರಾಂಬೆಕ್ಟಮಿ ಆದವರಲ್ಲೂ ಆಗದವರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ನಾಳ ಪೂರ್ತಿ ತೆರೆದರೂ ಎಲ್ಲರೂ ಎದ್ದು ನಡೆಯುವುದಿಲ್ಲ. ಮೇಲಿನ ಲೆಕ್ಕದಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಪೂರ್ಣ ಸ್ವತಂತ್ರರಾಗಲಿಲ್ಲ ಎಂಬುದನ್ನು ಮರೆಯಬೇಡಿ. ಖಾಸಗಿ ಆಸ್ಪತ್ರೆಯಲ್ಲಿ ಖರ್ಚು ಹಲವು ಲಕ್ಷ ರೂಪಾಯಿಗಳಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆ ಎಂದು ಯೋಜನೆಗೆ ಒಳಪಟ್ಟ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕಾರ್ಡು ಮತ್ತು ಆಧಾರ್ ಎರಡನ್ನೂ ತಾಯಿಯವರ ಬಿಪಿ ಮಾತ್ರೆಗಳ ಚೀಟಿಯ ಜೊತೆ ಒಂದೇ ಚೀಲದಲ್ಲಿ ಇಟ್ಟಿರಿ.

ತಂದೆಯವರ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ತಿಂಗಳಾದ ಮೇಲೆ ಹೆಪ್ಪು ತೆಗೆಯುವುದರಿಂದ ಲಾಭವಿಲ್ಲ. ಈಗಲೂ ತಂತಿ ಹಾಕಿ ಸರಿಮಾಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ. ಮೊದಲ ಮೂರರಿಂದ ಆರು ತಿಂಗಳು ಗುಣವಾಗುವ ವೇಗ ಹೆಚ್ಚಿರುವ ಕಾಲ, ಫಿಜಿಯೋಥೆರಪಿಯನ್ನೂ ಮಾತಿನ ಅಭ್ಯಾಸವನ್ನೂ ದಿನವೂ ಮಾಡಿಸಿ. ಅದಕ್ಕಿಂತ ತುರ್ತಾದದ್ದು, ಹೆಪ್ಪು ಎಲ್ಲಿಂದ ಬಂತು ಎಂದು ಪತ್ತೆ ಮಾಡುವುದು, ಏಕೆಂದರೆ ಮೂಲ ಹಾಗೇ ಉಳಿದಿದ್ದರೆ ಇನ್ನೊಂದು ಹೆಪ್ಪು ಬರಬಹುದು. ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿರಬಹುದು, ಅಥವಾ ಹೃದಯದ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಎರಡನೆಯದಕ್ಕೆ ಆಸ್ಪಿರಿನ್ ಸಾಲದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆಯೇ ಮಾತ್ರೆ ಬೇಕು. ಡಿಸ್ಚಾರ್ಜ್ ಪತ್ರ ತೆಗೆದು ನೋಡಿ: ಇಸಿಜಿ, ಎಕೋ, ಕತ್ತಿನ ರಕ್ತನಾಳದ ಡಾಪ್ಲರ್ ಅಥವಾ ಆಂಜಿಯೋಗ್ರಾಂ, ಈ ಮೂರರ ವಿವರ ಅದರಲ್ಲಿ ಇಲ್ಲದಿದ್ದರೆ ಈ ವಾರವೇ ಹತ್ತಿರದ ಫಿಜಿಶಿಯನ್ ಬಳಿ ಮಾಡಿಸಿ. ಅವರು ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಇಲ್ಲಿ ಬರೆದರೆ, ನಿಮ್ಮ ವೈದ್ಯರ ಹತ್ತಿರ ಏನು ಕೇಳಬೇಕೆಂದು ಹೇಳುತ್ತೇನೆ.